ಟ್ಯಾಂಗ್ ಮೀನು ಸಾಕೋಕೆ ಎಷ್ಟು ಅಡಿ ಟ್ಯಾಂಕ್ ಬೇಕು? 3 ಅಡಿ ಇದೆ, 4 ಅಡಿ ಹಾಕಿಸಿದರೆ ಸಾಕಾ?

ಬನಶಂಕರಿ ರೀಫ್

ಎಲ್ಲರಿಗೂ ನಮಸ್ಕಾರ. ಒಂದೂವರೆ ವರ್ಷದಿಂದ ಉಪ್ಪುನೀರಿನ ಟ್ಯಾಂಕ್ ಇಟ್ಟುಕೊಂಡಿದ್ದೇನೆ. 3 ಅಡಿ ಉದ್ದ, ಅಗಲ ಎತ್ತರ ಎರಡೂ ಒಂದೂವರೆ ಅಡಿ. ಒಂದು ಜೋಡಿ ಕ್ಲೌನ್ ಮೀನು, ಒಂದು ಗೋಬಿ ಮೀನು, ಒಂದು ಕ್ಲೀನರ್ ಸೀಗಡಿ. ಇಲ್ಲಿಯವರೆಗೆ ಏನೂ ತೊಂದರೆ ಆಗಿಲ್ಲ.

ಕಳೆದ ಭಾನುವಾರ ಉಪ್ಪು ತರಲು ಅಂಗಡಿಗೆ ಹೋದಾಗ ಮಗಳೂ ಜೊತೆಗಿದ್ದಳು. ಅಲ್ಲಿ ಹೆಬ್ಬೆರಳಿನಷ್ಟು ಉದ್ದದ ನೀಲಿ ಟ್ಯಾಂಗ್ ಇತ್ತು, ಹಿಪ್ಪೋ ಅಂತಾರಲ್ಲ, ಹಳದಿ ಬಾಲದ್ದು, ಅದು. ಅವಳು ಗಾಜಿಗೆ ಮೂಗು ಒತ್ತಿ ನಿಂತವಳು ಅಲ್ಲಾಡಲೇ ಇಲ್ಲ. "ಸರ್, ಮೀನು ಟ್ಯಾಂಕಿನ ಅಳತೆಗೆ ತಕ್ಕಷ್ಟೇ ಬೆಳೆಯುತ್ತೆ, ತಲೆ ಕೆಡಿಸ್ಕೋಬೇಡಿ" ಎಂದರು ಅಂಗಡಿಯವರು. ನನಗೆ ನಂಬಿಕೆ ಬರಲಿಲ್ಲ. "ಮುಂದಿನ ವಾರ ನೋಡೋಣ" ಎಂದು ಹೇಳಿ ಅವಳನ್ನು ಹೊರಗೆ ಕರೆತರುವಷ್ಟರಲ್ಲಿ ಸಾಕು ಸಾಕಾಯಿತು.

ಕೇಳಬೇಕಾದ್ದು ಇಷ್ಟೇ. 3 ಅಡಿಯಲ್ಲಿ ಅದನ್ನು ಸ್ವಲ್ಪ ದಿನ ಇಟ್ಟುಕೊಂಡು, ಆಮೇಲೆ 4 ಅಡಿ ಮಾಡಿಸಿದರೆ ನಡೆಯುತ್ತದಾ? ಹಾಲ್‌ನಲ್ಲಿ ಕಿಟಕಿಗೂ ದೇವರ ಮನೆ ಬಾಗಿಲಿಗೂ ನಡುವೆ ಐದೂವರೆ ಅಡಿ ಗೋಡೆ ಇದೆ. ಎರಡನೇ ಮಹಡಿ, ಸ್ವಂತ ಫ್ಲ್ಯಾಟ್, ಕಟ್ಟಡಕ್ಕೆ ಸುಮಾರು 20 ವರ್ಷ ಆಗಿದೆ.

ಉಪ್ಪುನೀರು

ತರಬೇಡಿ. ಮೊದಲು ಇದನ್ನು ಹೇಳಿಬಿಡುತ್ತೇನೆ, ಮಿಕ್ಕಿದ್ದು ಆಮೇಲೆ.

ಆ ಹೆಬ್ಬೆರಳು ಮೀನು ಪೂರ್ತಿ ಬೆಳೆದರೆ 30 ಸೆಂಟಿಮೀಟರ್ ಆಗುತ್ತದೆ. ಅಂದರೆ ಶಾಲೆಯ ಸ್ಕೇಲಿನಷ್ಟು ಉದ್ದ. ನಿಮ್ಮ ಈಗಿನ ಟ್ಯಾಂಕು ಮೂರು ಸ್ಕೇಲ್ ಉದ್ದ, ಅದರಲ್ಲಿ ಕಲ್ಲು ಅರ್ಧ ಜಾಗ ತಿಂದಿದೆ. ಆ ಮೀನು ಎಲ್ಲಿಗೆ ಹೋಗಬೇಕು ಹೇಳಿ.

"ಟ್ಯಾಂಕಿನ ಅಳತೆಗೆ ಬೆಳೆಯುತ್ತೆ" ಅನ್ನುವುದನ್ನು ನಾನೂ ಎಷ್ಟೋ ಸಲ ಕೇಳಿದ್ದೇನೆ. ಮೀನು ಗೋಡೆ ನೋಡಿ "ಸರಿ, ಇಲ್ಲಿಗೆ ನಿಲ್ಲಿಸೋಣ" ಎಂದುಕೊಳ್ಳುವುದಿಲ್ಲ. ಇಕ್ಕಟ್ಟಿನಲ್ಲಿ ಒತ್ತಡ ಜಾಸ್ತಿ, ನೀರು ಬೇಗ ಕೆಡುತ್ತದೆ, ಅದಕ್ಕೇ ಬೆಳವಣಿಗೆ ಕುಂಠಿತ ಆಗುತ್ತದೆ. ಅದು ಹೊಂದಿಕೊಂಡಿದ್ದಲ್ಲ, ಸೊರಗಿದ್ದು.

ಇನ್ನೊಂದು ವಿಷಯ. ಟ್ಯಾಂಗ್ ವಿಚಾರಕ್ಕೆ ಬಂದಾಗ ಎಲ್ಲರೂ "ಎಷ್ಟು ಲೀಟರ್" ಎಂದು ಕೇಳುತ್ತಾರೆ. ಮೊದಲು ಉದ್ದ ಕೇಳಬೇಕು. ಎರಡೂವರೆ ಅಡಿ ಉದ್ದ, ಎರಡೂವರೆ ಅಗಲ, ಎರಡೂವರೆ ಎತ್ತರದ ಚೌಕಾಕಾರದ ಟ್ಯಾಂಕಿಗೆ ಸುಮಾರು 440 ಲೀಟರ್ ನೀರು ಹಿಡಿಯುತ್ತದೆ. 4 ಅಡಿ ಉದ್ದ, 2 ಅಗಲ, 2 ಎತ್ತರದ್ದಕ್ಕೆ ಸುಮಾರು 450. ಲೀಟರ್ ಲೆಕ್ಕದಲ್ಲಿ ಎರಡೂ ಒಂದೇ. ಮೀನಿಗೆ ಒಂದೇ ಅಲ್ಲ. ಮೊದಲನೆಯದರಲ್ಲಿ ಟ್ಯಾಂಗ್ ಬಾಲ ಎರಡು ಸಲ ಬೀಸುವಷ್ಟರಲ್ಲಿ ಗಾಜು ಸಿಗುತ್ತದೆ. ಕ್ಲೌನ್ ಒಂದು ಮೂಲೆ ಹಿಡಿದು ಸಂಸಾರ ಮಾಡುವ ಮೀನು. ಟ್ಯಾಂಗ್ ಹಾಗಲ್ಲ, ಬೆಳಗಿನಿಂದ ಸಂಜೆಯವರೆಗೆ ಬಂಡೆಯಿಂದ ಬಂಡೆಗೆ ಪಾಚಿ ಕೆರೆಯುತ್ತಾ ಓಡಾಡುತ್ತಲೇ ಇರುತ್ತದೆ.

ಕೆರೆಮೀನು

ಬಂದರಪ್ಪ ಟ್ಯಾಂಗ್ ಪೊಲೀಸರು 😄

ನನ್ನ ಸ್ನೇಹಿತ ಇದೇ ಹಿಪ್ಪೋ ಮೀನನ್ನು 3 ಅಡಿ ಟ್ಯಾಂಕಿನಲ್ಲಿ ಒಂದು ವರ್ಷದಿಂದ ಇಟ್ಟಿದ್ದಾನೆ. ಚೆನ್ನಾಗಿ ತಿನ್ನುತ್ತಿದೆ, ದಪ್ಪಗಿದೆ. ಸುಮ್ನೆ ಹೊಸಬರನ್ನು ಹೆದರಿಸಬೇಡಿ. ಎಲ್ಲರ ಮನೆಯಲ್ಲೂ 6 ಅಡಿ ಟ್ಯಾಂಕ್ ಇಡಲು ಜಾಗ ಇರುತ್ತದಾ?

ಉಪ್ಪುನೀರು

ಒಂದು ವರ್ಷ ಅಂದಿರಿ. ಹವಾಯಿಯ ಕಡಲಲ್ಲಿ ಯೆಲ್ಲೋ ಟ್ಯಾಂಗ್ 40 ವರ್ಷ ದಾಟಿ ಬದುಕಿದ ದಾಖಲೆ ಇದೆ. ಒಂದು ವರ್ಷದ ಮಗು ತೊಟ್ಟಿಲಲ್ಲಿ ಸುಖವಾಗಿದೆ ಎಂದರೆ ಇಡೀ ಆಯುಷ್ಯಕ್ಕೆ ತೊಟ್ಟಿಲು ಸಾಕು ಅಂತ ಅಲ್ಲ, ಅಲ್ವಾ?

ಎಲ್ಲರ ಮನೆಯಲ್ಲೂ 6 ಅಡಿಗೆ ಜಾಗ ಇರುವುದಿಲ್ಲ, ಅದು ಸರಿ. ಹಾಗಿದ್ದಾಗ ಇರುವ ಜಾಗಕ್ಕೆ ಒಗ್ಗುವ ಮೀನು ತರಬೇಕು. ಮೀನು ತಂದು ಆಮೇಲೆ ಜಾಗ ಹುಡುಕುವುದಲ್ಲ.

"ಆಮೇಲೆ ದೊಡ್ಡದು ಮಾಡಿಸುತ್ತೇನೆ" ಎನ್ನುವ ಮಾತನ್ನು ಈ ಹವ್ಯಾಸದಲ್ಲಿ ನಂಬಲೇಬಾರದು. ಬನಶಂಕರಿಯವರು ಬೇಜಾರು ಮಾಡಿಕೊಳ್ಳಬೇಡಿ, ನಾನೂ ಹೇಳಿದವನೇ. ಅಷ್ಟರಲ್ಲಿ ಕೆಲಸ ಬದಲಾಗುತ್ತದೆ, ಮನೆಯಲ್ಲಿ ಮದುವೆ ಬರುತ್ತದೆ, ಸಾಲದ ಕಂತು ಜಾಸ್ತಿಯಾಗುತ್ತದೆ, ಮೀನು ಮಾತ್ರ ಯಾವುದಕ್ಕೂ ಕಾಯದೆ ಬೆಳೆಯುತ್ತಲೇ ಇರುತ್ತದೆ. ಮುಕ್ಕಾಲು ಅಡಿ ಆದಮೇಲೆ ಅಂಗಡಿಗೆ ಫೋನ್ ಮಾಡಿ ವಾಪಸ್ ತೆಗೆದುಕೊಳ್ಳುತ್ತೀರಾ ಎಂದು ಕೇಳಿ ನೋಡಿ, ಅವರೂ "ಮುಂದಿನ ವಾರ ನೋಡೋಣ" ಎನ್ನುತ್ತಾರೆ.

ಕುಡ್ಲ ರೀಫರ್

ಮಂಗಳೂರಿನಿಂದ. ನನ್ನ ಕಥೆ ಹೇಳುತ್ತೇನೆ, ಯಾರಿಗಾದರೂ ಉಪಯೋಗ ಆದರೆ ಆಗಲಿ.

ನಾನು ಪೌಡರ್ ಬ್ಲೂ ಟ್ಯಾಂಗ್ ತಂದಿದ್ದೆ. ತಿಳಿನೀಲಿ ಮೈ, ಕಪ್ಪು ಮುಖ, ಬೆನ್ನ ಮೇಲೆ ಹಳದಿ ರೆಕ್ಕೆ. ಹಿಂದೂ ಮಹಾಸಾಗರದ್ದೇ ಮೀನು. ಟ್ಯಾಂಕು 4 ಅಡಿ ಉದ್ದ, ಒಂದೂವರೆ ಅಡಿ ಅಗಲ. ಅಂಗಡಿಯಲ್ಲಿ 4 ಅಡಿ ಧಾರಾಳ ಸಾಕು ಎಂದಿದ್ದರು.

ಮೊದಲ ವಾರ ಮನೆಗೆ ಬಂದವರೆಲ್ಲ ಅದರ ಮುಂದೆಯೇ ಕೂರುತ್ತಿದ್ದರು. ಎರಡನೇ ವಾರ ಒಂದು ಬದಲಾವಣೆ ಕಂಡಿತು. ಬಲಗಡೆಯ ಗಾಜಿನವರೆಗೆ ಬರುವುದು, ತಿರುಗುವುದು, ಎಡಗಡೆಯ ಪಂಪಿನವರೆಗೆ ಹೋಗುವುದು, ತಿರುಗುವುದು. ಪ್ರತಿ ಸಲವೂ ಅದೇ ಎತ್ತರ, ಅದೇ ಜಾಗ. ಮೃಗಾಲಯದಲ್ಲಿ ಕಂಬಿಯ ಹಿಂದೆ ಚಿರತೆ ಓಡಾಡುತ್ತದಲ್ಲ, ಹಾಗೆ. ನನಗೆ ಅದು ಆಟ ಆಡುತ್ತಿದೆ ಅನಿಸಿತ್ತು. ವಿಡಿಯೋ ಮಾಡಿ ಸ್ಟೇಟಸ್ ಹಾಕಿದ್ದೆ ಬೇರೆ.

ಮೂರನೇ ವಾರ ಬೆಳಗ್ಗೆ ಲೈಟ್ ಹಾಕಿದಾಗ ಮೈಮೇಲೆ ರವೆ ಉದುರಿಸಿದ ಹಾಗೆ ಬಿಳಿ ಚುಕ್ಕಿ. ಇಕ್, ಮೀನಿಗೆ ಬರುವ ಪರಾವಲಂಬಿ ರೋಗ. ಪೌಡರ್ ಬ್ಲೂ ಅದನ್ನು ಎಲ್ಲಿದ್ದರೂ ಕರೆದುಕೊಳ್ಳುತ್ತದೆ ಎಂದು ಆಮೇಲೆ ಗೊತ್ತಾಯಿತು. ಹವಳ ಇದ್ದ ಟ್ಯಾಂಕಿಗೆ ತಾಮ್ರದ ಔಷಧ ಹಾಕುವಂತಿಲ್ಲ, ಹವಳ ಸೀಗಡಿ ಎಲ್ಲ ಸಾಯುತ್ತವೆ. ಬೇರೆ ಟ್ಯಾಂಕಿಗೆ ಹಿಡಿದು ಹಾಕೋಣ ಎಂದು ಬಲೆ ಹಾಕಿದರೆ ಬಾಲದ ಬುಡದ ಮುಳ್ಳು ಬಲೆಗೆ ಸಿಕ್ಕಿಕೊಂಡಿತು. ಬಿಡಿಸಲು ಹೋಗಿ ನನ್ನ ಬೆರಳು ಕೂಡ ಕೊಯ್ದಿತು, ಬ್ಲೇಡಿನಲ್ಲಿ ಗೀರಿದ ಹಾಗೆ ನೇರ ಗಾಯ. ಸರ್ಜನ್ ಮೀನು ಎಂದು ಸುಮ್ನೆ ಹೆಸರು ಬಂದಿಲ್ಲ.

ನಾಲ್ಕು ದಿನ ಬದುಕಿತ್ತು. ಅದರ ಹಿಂದೆ ಎರಡು ಕ್ಲೌನ್ ಹೋದವು. ಆಮೇಲೆ ಟ್ಯಾಂಕನ್ನು 76 ದಿನ ಒಂದೂ ಮೀನಿಲ್ಲದೆ ಖಾಲಿ ಬಿಟ್ಟೆ, ಪರಾವಲಂಬಿಗೆ ಹಿಡಿಯಲು ಮೀನು ಸಿಗದೆ ತಾನಾಗಿ ಸಾಯಲಿ ಎಂದು. ಖಾಲಿ ಟ್ಯಾಂಕಿಗೆ ದಿನಾ ಲೈಟ್ ಹಾಕಿ ಆರಿಸುವುದು ಎಷ್ಟು ಬೇಸರದ ಕೆಲಸ ಎಂದು ಹೇಳಲು ಆಗುವುದಿಲ್ಲ.

ಇಕ್ಕಟ್ಟಿನಿಂದಲೇ ಇಕ್ ಬಂತು ಎಂದು ನಾನು ಹೇಳುತ್ತಿಲ್ಲ. ಪರಾವಲಂಬಿ ಅಂಗಡಿಯಿಂದಲೇ ಬಂದಿರುತ್ತದೆ, ಕ್ವಾರಂಟೈನ್ ಮಾಡದ್ದು ನನ್ನ ತಪ್ಪು. ಆದರೆ ಇಡೀ ದಿನ ಗೋಡೆಗೆ ಗೋಡೆಗೆ ಓಡುವ ಮೀನಿಗೆ ತಡೆದುಕೊಳ್ಳುವ ಶಕ್ತಿ ಎಲ್ಲಿಂದ ಬರಬೇಕು?

ಬನಶಂಕರಿ ರೀಫ್

ಓದಿ ಹೊಟ್ಟೆ ಕಲಕಿತು. ಸರಿ, 3 ಅಡಿಗೆ ತರುವುದಿಲ್ಲ, ಇದು ಖಚಿತ. ಈಗ ಹೇಳಿ, 4 ಅಡಿ ಉದ್ದ 2 ಅಡಿ ಅಗಲ ಮಾಡಿಸಿದರೆ ಯಾವ ಟ್ಯಾಂಗ್ ಇಡಬಹುದು? ಅಥವಾ ಯಾವುದೂ ಬೇಡವಾ?

ಉಪ್ಪುನೀರು

ಇಡಬಹುದು. ಟ್ಯಾಂಗ್ ಎಂದರೆ ಒಂದೇ ಮೀನಲ್ಲ, ಎಂಬತ್ತಕ್ಕೂ ಜಾಸ್ತಿ ಜಾತಿ ಇವೆ. ಗಾತ್ರ ಒಂದು, ಸ್ವಭಾವ ಇನ್ನೊಂದು, ಎರಡನ್ನೂ ನೋಡಬೇಕು.

4 ಅಡಿಗೆ ನನ್ನ ಮೊದಲ ಆಯ್ಕೆ ಬ್ರಿಸಲ್‌ಟೂತ್ ಗುಂಪು. ಟೊಮಿನಿ ಇದೆ, ಕೋಲೆ ಇದೆ. ಟೊಮಿನಿ 15 ಸೆಂಟಿಮೀಟರ್ ಆಸುಪಾಸು, ಕೋಲೆ 18. ಇವಕ್ಕೆ ಬಾಚಣಿಗೆಯಂಥ ಹಲ್ಲು. ಪಾಚಿಯನ್ನು ಕಿತ್ತು ತಿನ್ನುವುದಿಲ್ಲ, ಕಲ್ಲಿನ ಮೇಲಿನ ಲೋಳೆ ಪದರವನ್ನು ಬಾಚಿ ತಿನ್ನುತ್ತವೆ. ಗಾಜಿನ ಮೇಲೆ ಮುತ್ತಿಟ್ಟ ಹಾಗೆ ಸಾಲು ಸಾಲು ಗುರುತು ಬಿಡುತ್ತವೆ, ನೋಡಲು ಮಜವಾಗಿರುತ್ತದೆ. ಬಣ್ಣ ಕಡಿಮೆ ಎಂದು ಜನ ಕೊಳ್ಳುವುದಿಲ್ಲ. ನನ್ನ ಮನೆಯ ಕೋಲೆಗೆ ಆರು ವರ್ಷ. ಕಂದು ಮೈ ಮೇಲೆ ಸಣ್ಣ ಗೆರೆ, ಕಣ್ಣಿನ ಸುತ್ತ ಹಳದಿ ಉಂಗುರ. ಸಂಜೆ ನೀಲಿ ಲೈಟಿನಲ್ಲಿ ಅದನ್ನು ನೋಡಿದವರು ಬಣ್ಣ ಇಲ್ಲ ಎನ್ನಲಾರರು.

ಅದರ ಮೇಲಿನವು ಯೆಲ್ಲೋ ಮತ್ತು ಸ್ಕೋಪಾಸ್. ಸುಮಾರು 20 ಸೆಂಟಿಮೀಟರ್. ಇವಕ್ಕೆ 4 ಅಡಿ ಉದ್ದ 2 ಅಡಿ ಅಗಲ ಕನಿಷ್ಠ, 5 ಇದ್ದರೆ ನಿಶ್ಚಿಂತೆ. ಕೆಂಪು ಸಮುದ್ರದ ಪರ್ಪಲ್ ಟ್ಯಾಂಗ್ ಇವುಗಳ ದಾಯಾದಿ. ಸ್ವಲ್ಪ ದೊಡ್ಡದು, ಸ್ವಲ್ಪ ಜಗಳಗಂಟ, ಜೇಬಿಗೆ ಭಾರ. ಅದಕ್ಕೆ 5 ಅಡಿಗೆ ಕಡಿಮೆ ಬೇಡ.

ಹಿಪ್ಪೋ, ಪೌಡರ್ ಬ್ಲೂ, ಅಕಿಲಿಸ್ ಇವೆಲ್ಲ 6 ಅಡಿ ಉದ್ದ 2 ಅಡಿ ಅಗಲದಿಂದ ಶುರು. ಪೌಡರ್ ಬ್ಲೂ ಹಿಪ್ಪೋಗಿಂತ ಚಿಕ್ಕದು, ಆದರೂ ಅದೇ ಸಾಲಿನಲ್ಲಿ ಇಟ್ಟಿದ್ದೇನೆ, ಯಾಕೆಂದರೆ ಅದರ ಓಟವೇ ಬೇರೆ. ಇಲ್ಲಿ ಸೆಂಟಿಮೀಟರ್ ಲೆಕ್ಕ ಮೋಸ ಮಾಡುತ್ತದೆ.

ಸೇಲ್‌ಫಿನ್ ಮರಿ ನೋಡಿ ಮರುಳಾಗುವವರು ಬಹಳ. ಎರಡು ಇಂಚಿನ ಮರಿ, ಚಿಟ್ಟೆಯ ಹಾಗೆ ರೆಕ್ಕೆ. ಅದು 40 ಸೆಂಟಿಮೀಟರ್ ಆಗುತ್ತದೆ. ಸೊಹಾಲ್ ಕೂಡ ಅಷ್ಟೇ ಬೆಳೆಯುತ್ತದೆ, ಮೇಲೆ ರೌಡಿ. ನೇಸೋ 45 ದಾಟುತ್ತದೆ. ಯೂನಿಕಾರ್ನ್ 70. ಇವನ್ನು ಮನೆಯಲ್ಲಿ ಸಾಕಲು ಯಾಕೆ ಮಾರುತ್ತಾರೆ, ಯಾಕೆ ಕೊಳ್ಳುತ್ತಾರೆ, ಎರಡೂ ನನಗೆ ಅರ್ಥ ಆಗಿಲ್ಲ.

ನ್ಯೂಜೆರ್ಸಿ ರಾಯರು

ಇಲ್ಲಿ ಅಮೆರಿಕದಲ್ಲಿ ಲೆಕ್ಕವೆಲ್ಲ ಗ್ಯಾಲನ್. 75 ಗ್ಯಾಲನ್ ಎಂದರೆ 4 ಅಡಿ ಉದ್ದ, 18 ಇಂಚು ಅಗಲ. 125 ಎಂದರೆ 6 ಅಡಿ ಉದ್ದ, ಅಗಲ ಅದೇ 18 ಇಂಚು. 180 ಎಂದರೆ 6 ಅಡಿ ಉದ್ದ, 24 ಇಂಚು ಅಗಲ. ಒಂದು ಗ್ಯಾಲನ್ 3.785 ಲೀಟರ್.

ನನ್ನದು 125. ಉದ್ದ ಮುಖ್ಯ ಎನ್ನುವುದನ್ನು ಒಪ್ಪುತ್ತೇನೆ. ಆದರೆ ಅಗಲವನ್ನೂ ಮರೆಯಬೇಡಿ. 6 ಅಡಿ ಇದೆ ಎಂದು ಖುಷಿಯಿಂದ ತಂದೆ. ಕಲ್ಲು ಜೋಡಿಸಿದ ಮೇಲೆ ಮುಂದೆ ಉಳಿದದ್ದು ಆರೇಳು ಇಂಚು. ಮೀನು ನೇರವಾಗಿ ಓಡುತ್ತದೆ, ತಿರುಗುವಾಗ ಮಾತ್ರ ಸಂದಿಯಲ್ಲಿ ಲಾರಿ ತಿರುಗಿಸಿದ ಹಾಗೆ ಹಿಂದೆ ಮುಂದೆ ಮಾಡುತ್ತದೆ. ಕೊನೆಗೆ ಅರ್ಧ ಕಲ್ಲು ತೆಗೆದು ಎರಡು ಗುಡ್ಡ ಮಾಡಿ, ನಡುವೆ ಓಣಿ ಬಿಟ್ಟೆ. ಈಗ ಅದು ಎಂಟರ ಆಕಾರದಲ್ಲಿ ಸುತ್ತು ಹೊಡೆಯುತ್ತದೆ. ಟ್ಯಾಂಕ್ ಅದೇ, ಕಲ್ಲು ಕಡಿಮೆಯಾದದ್ದಕ್ಕೇ ದೊಡ್ಡದಾದ ಹಾಗೆ ಆಯಿತು.

ಯೆಲ್ಲೋ ಟ್ಯಾಂಗ್ ಬಗ್ಗೆ ಒಂದು ಮಾತು. ನಾನು ಈ ಹವ್ಯಾಸ ಶುರು ಮಾಡಿದಾಗ ಇಲ್ಲಿ ಅದು ಸಸ್ತಾ ಮೀನು, ಪ್ರತಿ ಅಂಗಡಿಯಲ್ಲೂ ಇರುತ್ತಿತ್ತು. ಹೆಚ್ಚಿನವು ಹವಾಯಿಯಲ್ಲಿ ಹಿಡಿದವು. 2017ರಲ್ಲಿ ಹವಾಯಿಯ ಸುಪ್ರೀಂ ಕೋರ್ಟು ಪರಿಸರ ಪರಿಶೀಲನೆ ಆಗದೆ ಹಿಡಿಯುವ ಪರವಾನಗಿ ಕೊಡುವಂತಿಲ್ಲ ಎಂದಿತು. 2021ರ ಜನವರಿ ಹೊತ್ತಿಗೆ ಅಲ್ಲಿ ಮಾರಾಟಕ್ಕೆ ಹಿಡಿಯುವುದು ನಿಂತೇ ಹೋಯಿತು, ಬೆಲೆ ಗಗನಕ್ಕೆ ಹಾರಿತು. ಅದಕ್ಕೂ ಮೊದಲೇ, 2015ರಲ್ಲಿ, ಹವಾಯಿಯ ಓಷಿಯಾನಿಕ್ ಇನ್‌ಸ್ಟಿಟ್ಯೂಟಿನವರು ಮೊಟ್ಟೆಯಿಂದ ಯೆಲ್ಲೋ ಟ್ಯಾಂಗ್ ಮರಿ ಬೆಳೆಸಿ ತೋರಿಸಿದ್ದರು. ಮರು ವರ್ಷ ಫ್ಲೋರಿಡಾ ವಿಶ್ವವಿದ್ಯಾಲಯದವರು ಹಿಪ್ಪೋ ಮರಿ ಮಾಡಿದರು. ಈಗ ಇಲ್ಲಿ ತೊಟ್ಟಿಯಲ್ಲೇ ಹುಟ್ಟಿದ ಯೆಲ್ಲೋ ಮರಿಗಳು ಸಿಗುತ್ತವೆ. ನನ್ನದು ಅಂಥದ್ದೇ, ತಂದಾಗ ಹಳೆಯ ಎಂಟಾಣೆಯಷ್ಟಿತ್ತು.

ಅಷ್ಟು ಚಿಕ್ಕದು ತಂದರೆ ಒಂದು ಅಪಾಯ ಇದೆ. ಚಿಕ್ಕದಲ್ವಾ ಎಂದು ಜನ ಚಿಕ್ಕ ಟ್ಯಾಂಕಿಗೆ ಹಾಕುತ್ತಾರೆ. ತೊಟ್ಟಿಯಲ್ಲಿ ಹುಟ್ಟಿದರೂ ಅದು ಬೆಳೆಯುವುದು ಅಷ್ಟೇ.

ಮುಳುಗೋ ಮಂಜ

ಮೀನು ಸಾಕುವವನಲ್ಲ, ಡೈವಿಂಗ್ ಮಾಡುವವನು. ಲಕ್ಷದ್ವೀಪದಲ್ಲಿ ಕಂಡದ್ದನ್ನು ಹೇಳುತ್ತೇನೆ.

ಕಡಮತ್‌ನ ಹತ್ತಿರ, ಅಲೆ ಒಡೆಯುವ ಬಂಡೆಯ ಅಂಚಿನಲ್ಲಿ ಲೈನ್ಡ್ ಸರ್ಜನ್ ಇರುತ್ತದೆ. ಹಳದಿ ಮೈಗೆ ನೀಲಿ ಪಟ್ಟೆ, ನಿಮ್ಮ ಅಂಗಡಿಗಳಲ್ಲಿ ಕ್ಲೌನ್ ಟ್ಯಾಂಗ್ ಎನ್ನುತ್ತಾರೆ. ಒಂದೊಂದಕ್ಕೂ ಒಂದು ಪಾಚಿ ತೋಟ. ನಮ್ಮ ಊರಿನ ಹಾಲಿನ ಗಾಡಿ ನಿಲ್ಲುವಷ್ಟು ಜಾಗ ಇರಬಹುದು, ಅದನ್ನು ಇಡೀ ದಿನ ಕಾಯುತ್ತದೆ. ಬೇರೆ ಮೀನು ಬಂದರೆ ಅಟ್ಟಿಸಿಕೊಂಡು ಹೋಗಿ ವಾಪಸ್ ಬರುತ್ತದೆ. ನನ್ನ ಕ್ಯಾಮರಾವನ್ನೂ ಅಟ್ಟಿಸಲು ಬಂದಿತ್ತು.

ಅಷ್ಟರಲ್ಲಿ ಕಾನ್ವಿಕ್ಟ್ ಟ್ಯಾಂಗ್ ಗುಂಪು ಬಂತು. ಬೂದು ಮೈ, ಕಪ್ಪು ಪಟ್ಟಿ, ಕೈದಿ ಅಂಗಿ ಹಾಕಿದ ಹಾಗೆ. ಎಷ್ಟಿದ್ದವೋ ಎಣಿಸಲಿಲ್ಲ, ನೂರಕ್ಕೆ ಮೇಲಂತೂ ಇದ್ದವು. ಬೇಲಿ ಮುರಿದ ಜೋಳದ ಹೊಲಕ್ಕೆ ದನ ನುಗ್ಗಿದ ಹಾಗೆ ಆ ತೋಟಕ್ಕೆ ಇಳಿದವು. ಕಾವಲಿನವನು ಒಂದನ್ನು ಅಟ್ಟಿದರೆ ಇಪ್ಪತ್ತು ಮೇಯುತ್ತಿರುತ್ತವೆ. ಒಂದು ನಿಮಿಷದಲ್ಲಿ ಬೋಳಿಸಿ ಮುಂದಿನ ಬಂಡೆಗೆ ಹೊರಟವು. ನಾನು ಹಿಂದೆಯೇ ಈಜಿದೆ, ಗಾಳಿ ಮುಗಿಯುತ್ತಾ ಬಂದು ಬಿಟ್ಟುಬಿಟ್ಟೆ. ಅವು ಹೋಗುತ್ತಲೇ ಇದ್ದವು.

ಅದನ್ನು ನೋಡಿದ ಮೇಲೆ 6 ಅಡಿ ದೊಡ್ಡದು ಎಂದು ಯಾರಾದರೂ ಹೇಳಿದರೆ ನನಗೆ ನಗು ಬರುತ್ತದೆ. ಬೇಜಾರಾಗಬೇಡಿ.

ಉಪ್ಪುನೀರು

ಬೇಜಾರಿಲ್ಲ ಮಂಜಣ್ಣ. ಇದನ್ನು ನಾವೇ ಒಪ್ಪಿಕೊಳ್ಳಬೇಕು. ಟ್ಯಾಂಕ್ ಯಾವುದೂ ಕಡಲಲ್ಲ. 6 ಅಡಿಯೂ ಒಂದು ರಾಜಿಯೇ. ಎಲ್ಲಿಯವರೆಗೆ ರಾಜಿ ಎನ್ನುವುದಷ್ಟೇ ನಮ್ಮ ಜಗಳ.

ಸಿವಿಲ್ ಸಂತು

ಎಲ್ಲ ಮೀನಿನ ಬಗ್ಗೆಯೇ ಮಾತಾಡುತ್ತಿದ್ದೀರಿ. ಎರಡನೇ ಮಹಡಿ, 20 ವರ್ಷದ ಕಟ್ಟಡ ಎಂದು ಅವರು ಬರೆದದ್ದನ್ನು ಯಾರೂ ಗಮನಿಸಲಿಲ್ಲ.

4 ಅಡಿ, 2 ಅಡಿ, 2 ಅಡಿ ಎಂದರೆ 450 ಲೀಟರ್. ಉಪ್ಪುನೀರು ಲೀಟರಿಗೆ ಒಂದು ಕೆಜಿಗಿಂತ ಸ್ವಲ್ಪ ಜಾಸ್ತಿ ತೂಗುತ್ತದೆ. 12 ಎಂಎಂ ಗಾಜು ಸುಮಾರು 90 ಕೆಜಿ. ಕಲ್ಲು, ಮರಳು, ಸ್ಟ್ಯಾಂಡ್, ಕೆಳಗೆ ಇಡುವ ಫಿಲ್ಟರ್ ತೊಟ್ಟಿ (ಸಂಪ್) ಎಲ್ಲ ಸೇರಿ 650 ಕೆಜಿ ದಾಟುತ್ತದೆ. 5 ಅಡಿ ಮಾಡಿಸಿದರೆ 800ರ ಮೇಲೆ.

ಮನೆಯ ನೆಲವನ್ನು ನಮ್ಮ ದೇಶದ ಮಾನದಂಡದ ಪ್ರಕಾರ ಒಂದು ಚದರ ಮೀಟರಿಗೆ ಸುಮಾರು 200 ಕೆಜಿ ಹೊರುವ ಹಾಗೆ ಲೆಕ್ಕ ಹಾಕುತ್ತಾರೆ. 5 ಅಡಿ ಟ್ಯಾಂಕು ಕೂರುವ ಜಾಗ ಒಂದು ಚದರ ಮೀಟರ್ ಕೂಡ ಇಲ್ಲ, ಅಲ್ಲಿ 800 ಕೆಜಿ. ಕೇಳಿ ಹೆದರಬೇಡಿ, ಆ 200 ಎನ್ನುವುದು ಇಡೀ ಕೋಣೆಗೆ ಹರಡಿದ ಲೆಕ್ಕ. ಕೋಣೆ 15 ಚದರ ಮೀಟರ್ ಇದ್ದರೆ ಒಟ್ಟು 3000 ಕೆಜಿ ಆಯಿತು. ಆದರೆ ಅದೆಲ್ಲ ಒಂದೇ ಕಡೆ, ಅದೂ ಸ್ಲ್ಯಾಬಿನ ನಟ್ಟನಡುವೆ ಕೂತರೆ ಕಷ್ಟ. ಗೋಡೆಗೆ ತಾಗಿಸಿ, ಕೆಳಗೆ ಬೀಮ್ ಇರುವ ಕಡೆ ಇಟ್ಟರೆ ಹೆಚ್ಚಿನ ಭಾರ ಬೀಮಿಗೆ ಹೋಗುತ್ತದೆ. ನಿಮ್ಮ ಕಿಟಕಿ ಗೋಡೆ ಹೊರಗೋಡೆಯಾದರೆ ಅಲ್ಲಿ ಬೀಮ್ ಇರುವ ಸಾಧ್ಯತೆ ಜಾಸ್ತಿ. ಸಾಧ್ಯತೆ ಎಂದೆ, ಖಾತ್ರಿ ಅಲ್ಲ. ಕಟ್ಟಡದ ನಕ್ಷೆ ಅಸೋಸಿಯೇಷನ್ನಿನ ಹತ್ತಿರ ಇರುತ್ತದೆ, ತೆಗೆದುಕೊಂಡು ಒಬ್ಬ ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆಸಿ ತೋರಿಸಿ. ಕೆಳಗಿನ ಮನೆಯವರ ಸೀಲಿಂಗಿನಲ್ಲಿ ಬಿರುಕು ಇದೆಯಾ ಅದನ್ನೂ ನೋಡಿಬನ್ನಿ.

ಆಮೇಲೆ ಬಿಸಿಲು ಬೀಳುವ ಕಿಟಕಿಯಾ? ಹಾಗಿದ್ದರೆ ಪಾಚಿಯ ಕಾಟ ಬೇರೆ.

ಕೆರೆಮೀನು

ಪಾಚಿ ಬಂದರೆ ಟ್ಯಾಂಗಿಗೆ ಊಟ ಆಯಿತಲ್ಲ, ಖರ್ಚು ಉಳೀತು.

ಉಪ್ಪುನೀರು

ಹಾಗೆ ಅಂದುಕೊಂಡೇ ಎಷ್ಟೋ ಟ್ಯಾಂಗ್ ಉಪವಾಸ ಸತ್ತಿವೆ. ಟ್ಯಾಂಕಿನ ಪಾಚಿಯನ್ನು ಅದು ಮೂರು ದಿನದಲ್ಲಿ ಖಾಲಿ ಮಾಡುತ್ತದೆ. ಆಮೇಲೆ ದಿನಾ ನೋರಿ, ಅಂದರೆ ಒಣಗಿಸಿದ ಕಡಲಪಾಚಿಯ ಹಾಳೆ, ಕ್ಲಿಪ್ಪಿಗೆ ಸಿಕ್ಕಿಸಿ ಕೊಡಬೇಕು. ಮೇಲಿನಿಂದ ನೋಡಿದರೆ ಬೆನ್ನು ದುಂಡಗಿರಬೇಕು. ಹೊಟ್ಟೆ ಒಳಕ್ಕೆ ಹೋಗಿ ಬೆನ್ನು ಚೂಪಾಗಿದ್ದರೆ ಊಟ ಸಾಲುತ್ತಿಲ್ಲ ಎಂದು ಅರ್ಥ.

ಊಟ ಜಾಸ್ತಿ ಎಂದರೆ ಗಲೀಜು ಜಾಸ್ತಿ. ಲೀಟರ್ ಲೆಕ್ಕ ಬರುವುದು ಇಲ್ಲಿ. ಮೊದಲು ಉದ್ದ ನೋಡಿ ಎಂದಿದ್ದೆ, ಹಾಗೆಂದು ಒಂದಡಿ ಅಗಲದ ಉದ್ದನೆ ಕಾಲುವೆ ಮಾಡಿಸಿಬಿಡಬೇಡಿ. ಇಡೀ ದಿನ ತಿಂದು ಇಡೀ ದಿನ ಹಿಕ್ಕೆ ಹಾಕುವ ಮೀನಿಗೆ ನೀರೂ ಬೇಕು, ಗಲೀಜನ್ನು ನೊರೆಯಾಗಿ ಹೊರಗೆ ತೆಗೆಯುವ ದೊಡ್ಡ ಸ್ಕಿಮ್ಮರ್ ಕೂಡ ಬೇಕು.

ಕುಡ್ಲ ರೀಫರ್

ಖರ್ಚಿನ ಮಾತು ಬಂದಿದ್ದಕ್ಕೆ ಹೇಳುತ್ತೇನೆ. ಗಾಜಿನ ದುಡ್ಡು ಒಂದೇ ಸಲ. ಆಮೇಲೆ ತಿಂಗಳು ತಿಂಗಳು ಬರುವುದೇ ಬೇರೆ. 5 ಅಡಿ ಟ್ಯಾಂಕಿಗೆ ಮೊದಲ ಸಲ ತುಂಬಲು ಸುಮಾರು 20 ಕೆಜಿ ಉಪ್ಪು ಬೇಕು, ಲೀಟರಿಗೆ 35 ಗ್ರಾಂ ಲೆಕ್ಕ. ನೀರು ಆರ್‌ಓ ಮಾಡಿದ್ದೇ ಆಗಬೇಕು, ಬೋರ್‌ವೆಲ್ ನೀರು ನೇರ ಹಾಕಿದರೆ ಪಾಚಿ ತೋಟ ಆಗುತ್ತದೆ. ಆರ್‌ಓ ಬಿಡುವ ವೇಸ್ಟ್ ನೀರನ್ನು ನಾವು ಪಾತ್ರೆ ತೊಳೆಯಲು ಬಳಸುತ್ತೇವೆ. ನಮ್ಮೂರಿನ ಸೆಕೆಗೆ ನೀರು ತಂಪು ಮಾಡುವ ಚಿಲ್ಲರ್ ಇಲ್ಲದೆ ಆಗುವುದೇ ಇಲ್ಲ, ಕರೆಂಟ್ ಬಿಲ್ ನೋಡಿ ಹೆಂಡತಿ ಮಾತು ಬಿಟ್ಟಿದ್ದಳು. ಬೆಂಗಳೂರಿನವರು ಪುಣ್ಯವಂತರು, ಏಪ್ರಿಲ್ ಮೇ ಬಿಟ್ಟರೆ ಫ್ಯಾನ್‌ನಲ್ಲೇ ಸುಧಾರಿಸಬಹುದು.

ಕರೆಂಟ್ ಹೋದಾಗ ಏನು ಮಾಡುತ್ತೀರಿ ಎನ್ನುವುದನ್ನೂ ಯೋಚಿಸಿ. ಟ್ಯಾಂಗಿಗೆ ಆಮ್ಲಜನಕ ಜಾಸ್ತಿ ಬೇಕು. ಬ್ಯಾಟರಿಯ ಏರ್ ಪಂಪ್ ಒಂದು ಇಟ್ಟುಕೊಂಡಿರಿ. ಇನ್ವರ್ಟರಿಗೆ ನೀರು ಅಲುಗಾಡಿಸುವ ವೇವ್‌ಮೇಕರ್ ಕನಿಷ್ಠ ಒಂದಾದರೂ ಜೋಡಿಸಿ.

ಬನಶಂಕರಿ ರೀಫ್

ಎರಡು ವಾರ ಆಯಿತು, ಬರೆಯಲು ಆಗಲಿಲ್ಲ. ಎಂಜಿನಿಯರ್ ಬಂದು ನೋಡಿದರು. ಕಿಟಕಿ ಗೋಡೆಯ ಕೆಳಗೆ ಬೀಮ್ ಇದೆ. 5 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರ ಇಡಬಹುದು, ಸ್ಟ್ಯಾಂಡಿನ ಕಾಲಿನ ಬದಲು ಪೂರ್ತಿ ಚೌಕಟ್ಟು ನೆಲಕ್ಕೆ ಕೂರಲಿ ಎಂದರು. ಸಂತು ಅವರಿಗೆ ದೊಡ್ಡ ನಮಸ್ಕಾರ. 6 ಅಡಿಗೆ ಗೋಡೆಯೇ ಇಲ್ಲ, ದೇವರ ಮನೆ ಬಾಗಿಲು ಮುಚ್ಚಬೇಕಾಗುತ್ತದೆ. ಅಮ್ಮ ನನ್ನನ್ನು ಮನೆಯಿಂದ ಓಡಿಸುತ್ತಾರೆ.

ಹಾಗಾಗಿ 5 ಅಡಿ. ಈಗ ಕೊನೆಯ ಪ್ರಶ್ನೆ. ಒಂದೇ ಒಂದು ಹಿಪ್ಪೋ, ಬೇರೆ ಟ್ಯಾಂಗ್ ಇಲ್ಲ, ಕಲ್ಲು ಕಡಿಮೆ. ನಡೆಯುತ್ತದಾ?

ನ್ಯೂಜೆರ್ಸಿ ರಾಯರು

ನನ್ನ ಅಭಿಪ್ರಾಯದಲ್ಲಿ ನಡೆಯುತ್ತದೆ. 2 ಅಡಿ ಅಗಲ ಇದೆ, ಒಂದೇ ಮೀನು, ಓಡಾಡಲು ಬಯಲು. ನನ್ನ 6 ಅಡಿ ಉದ್ದ 18 ಇಂಚು ಅಗಲದ್ದಕ್ಕಿಂತ ಮೇಲು.

ಉಪ್ಪುನೀರು

ನನ್ನ ಅಭಿಪ್ರಾಯದಲ್ಲಿ ಬೇಡ. ರಾಯರ ಮಾತಿನಲ್ಲಿ ಹುರುಳಿಲ್ಲ ಎನ್ನುತ್ತಿಲ್ಲ, ಮೂರ್ನಾಲ್ಕು ವರ್ಷ ಚೆನ್ನಾಗಿಯೇ ಇರುತ್ತದೆ. ನಾನು ಕೇಳುವುದು ಎಂಟನೇ ವರ್ಷದ ಬಗ್ಗೆ. ಮೇಲಾಗಿ ಹಿಪ್ಪೋ ಅಂಜುಬುರುಕ. ಕಡಲಲ್ಲಿ ಮರಿಗಳು ಕವಲು ಹವಳದ ಸಂದಿಯಲ್ಲಿ ಗುಂಪಾಗಿ ಅಡಗುತ್ತವೆ. ಮನೆಯಲ್ಲೂ ಬಾಗಿಲು ಬಡಿದರೆ ಕಲ್ಲಿನ ಸಂದಿಗೆ ನುಗ್ಗಿ ಅಡ್ಡ ಮಲಗಿಬಿಡುತ್ತದೆ, ಸತ್ತೇ ಹೋಯಿತೇನೋ ಎನ್ನುವ ಹಾಗೆ. ಅಡಗಲು ಕಲ್ಲು ಬೇಕು, ಓಡಲು ಬಯಲು ಬೇಕು. 5 ಅಡಿಯಲ್ಲಿ ಎರಡನ್ನೂ ಒಂದಡಿ ಮೀನಿಗೆ ಕೊಡುವುದು ಹೇಗೆ?

ನಿಮ್ಮ ಟ್ಯಾಂಕು, ನಿಮ್ಮ ದುಡ್ಡು. ಸುಮ್ನೆ ಒಂದು ಕೆಲಸ ಮಾಡಿ ನೋಡಿ. ನೆಲದ ಮೇಲೆ ಟೇಪ್ ಅಂಟಿಸಿ 5 ಅಡಿ 2 ಅಡಿ ಚೌಕಟ್ಟು ಮಾಡಿ. ಕಲ್ಲು ಬರುವ ಕಡೆ ದಿಂಬು ಇಡಿ. ಪೇಪರಿನಲ್ಲಿ 30 ಸೆಂಟಿಮೀಟರ್ ಮೀನು ಕತ್ತರಿಸಿ ಒಳಗೆ ಓಡಾಡಿಸಿ.

ಬನಶಂಕರಿ ರೀಫ್

ಮಾಡಿದೆವು. ನಾನಲ್ಲ, ಮಗಳು ಮಾಡಿದಳು. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಮೀನು ಬರೆದು, ನೀಲಿ ಬಳಿದು, ಕತ್ತರಿಸಿ, ಹೆಸರೂ ಇಟ್ಟಳು. ಟೇಪಿನ ಒಳಗೆ ಎರಡು ದಿಂಬು. ಮೊಣಕಾಲೂರಿ ಅದನ್ನು ಓಡಿಸಲು ಶುರು ಮಾಡಿದಳು. ನಾಲ್ಕು ಸಲ ಆ ಕಡೆ ಈ ಕಡೆ ಹೋಗಿರಬೇಕು. ಆಮೇಲೆ ಮೀನನ್ನು ಟೇಪಿನಿಂದ ಹೊರಗೆ ತೆಗೆದು ಹಾಲ್ ಪೂರ್ತಿ ಸುತ್ತಿಸಿದಳು. ಸೋಫಾ ಕೆಳಗೆ, ಅಡುಗೆ ಮನೆಯವರೆಗೆ. "ಒಳಗೆ ಬರೀ ತಿರುಗೋದೇ ಆಯ್ತಪ್ಪಾ" ಎಂದಳು.

ನಾನೇನೂ ಹೇಳಲಿಲ್ಲ. ಸಂಜೆ ಅವಳೇ ಕೇಳಿದಳು, ಚಿಕ್ಕದಾಗೇ ಇರುವ ಟ್ಯಾಂಗ್ ಯಾವುದು ಎಂದು. ಟೊಮಿನಿ, ಕೋಲೆ, ಯೆಲ್ಲೋ ಮೂರರ ಚಿತ್ರ ತೋರಿಸಿದೆ. ಕಣ್ಣಿನ ಸುತ್ತ ಹಳದಿ ಉಂಗುರ ಇದೆಯಲ್ಲ, ಅದೇ ಬೇಕಂತೆ, ಕನ್ನಡಕ ಹಾಕಿದ ಹಾಗಿದೆಯಂತೆ. ಅವಳಿಗೆ ಹೋದ ತಿಂಗಳಷ್ಟೇ ಕನ್ನಡಕ ಬಂದಿದೆ.

ಗಾಜು ಆರ್ಡರ್ ಮಾಡಿದ್ದೇನೆ, 12 ಎಂಎಂ, ಮೇಲೆ ಬ್ರೇಸ್ ಸಹಿತ. ಹಳೆಯ ಟ್ಯಾಂಕಿನ ಕಲ್ಲನ್ನೇ ಹಾಕಿದರೆ ಎಷ್ಟು ದಿನಕ್ಕೆ ಕೋಲೆ ತರಬಹುದು?

ಉಪ್ಪುನೀರು

ಕನಿಷ್ಠ ನಾಲ್ಕೈದು ತಿಂಗಳು ಬಿಡಿ. ಅದು ಬಾಚಿ ತಿನ್ನುವ ಪದರ ಹೊಸ ಗಾಜಿನ ಮೇಲೆ, ಹೊಸ ಕಲ್ಲಿನ ಮೇಲೆ ಕಟ್ಟಬೇಕು. ಕ್ಲೌನ್ ಮೊದಲು ಹೋಗಲಿ, ಟ್ಯಾಂಗ್ ಕೊನೆಗೆ.

ಅಷ್ಟರಲ್ಲಿ ಹಳೆಯ 3 ಅಡಿ ಖಾಲಿ ಆಗುತ್ತದಲ್ಲ, ಮಾರಬೇಡಿ. ಅದೇ ನಿಮ್ಮ ಕ್ವಾರಂಟೈನ್ ಟ್ಯಾಂಕ್. ಮರಳು, ಕಲ್ಲು ಏನೂ ಬೇಡ, ಅಡಗಲು ನಾಲ್ಕು ಪಿವಿಸಿ ಪೈಪ್ ತುಂಡು, ಒಂದು ಸ್ಪಾಂಜ್ ಫಿಲ್ಟರ್. ತಾಮ್ರ ಹಾಕಿದರೆ 30 ದಿನ ಪೂರ್ತಿ, ಟೆಸ್ಟ್ ಕಿಟ್ ಇಲ್ಲದೆ ಹಾಕಬೇಡಿ. ಹಿಡಿಯುವಾಗ ಬಲೆ ಬೇಡ, ಪ್ಲಾಸ್ಟಿಕ್ ಡಬ್ಬಿ ತೆಗೆದುಕೊಳ್ಳಿ.

ಕುಡ್ಲ ರೀಫರ್

ಡಬ್ಬಿ. ಎರಡು ಸಲ ಓದಿಕೊಳ್ಳಿ. ನನ್ನ ಬೆರಳಿನ ಗುರುತು ಇನ್ನೂ ಹೋಗಿಲ್ಲ.

ಕೆರೆಮೀನು

ನನ್ನ ಸ್ನೇಹಿತನಿಗೆ ಈ ಚರ್ಚೆಯ ಲಿಂಕ್ ಕಳಿಸಿದೆ. ಓದಿದ್ದಾನೆ, ಉತ್ತರ ಬಂದಿಲ್ಲ. ನಿಮ್ಮನ್ನೇ ಬೈದ ಮೇಲೂ ಒಂದು ಕೇಳುತ್ತೇನೆ, ಬೆಂಗಳೂರಿನಲ್ಲಿ 6 ಅಡಿ ಇರುವವರು ಯಾರಾದರೂ ಅವನ ಹಿಪ್ಪೋ ತೆಗೆದುಕೊಳ್ಳುತ್ತೀರಾ? ಈಗ ಐದು ಇಂಚಾಗಿದೆ.

ಉಪ್ಪುನೀರು

ಮೆಸೇಜ್ ಮಾಡಿ. ಶನಿವಾರ ಡಬ್ಬಿ ತರುತ್ತೇನೆ.